ಆಕಾಶ ಕಾಣದ ಕಡೆ ನಾವು ಎಲ್ಲಿದ್ದೇವೆ?

ಮಕ್ಕಳೇ, ಬೀದರಿನ ಹಳೆಯ ಪೇಟೆಯಲ್ಲಿ ದಾರಿ ತಪ್ಪಿದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಚೌಬಾರಾ ಎಲ್ಲಿದೆ ಎಂದು ಕೇಳುತ್ತಾರೆ. ರಸ್ತೆಗಳು ಕೂಡುವ ಜಾಗದಲ್ಲಿ ನಿಂತಿರುವ ಆ ದುಂಡನೆಯ ಗೋಪುರದ ಎತ್ತರ ಸುಮಾರು 22 ಮೀಟರ್. ಅದು ಕಣ್ಣಿಗೆ ಬಿದ್ದರೆ ಸಾಕು, ತಾವು ಪೇಟೆಯ ಯಾವ ಕಡೆ ಇದ್ದೇವೆ ಎಂದು ತಿಳಿಯುತ್ತದೆ. ಬೀದರಿನಿಂದ ಔರಾದಕ್ಕೆ ಬಸ್ಸಿನಲ್ಲಿ ಹೋಗುವಾಗ ರಸ್ತೆ ಬದಿಯ ಕಿಲೋಮೀಟರ್ ಕಲ್ಲೂ ಇದೇ ಕೆಲಸ ಮಾಡುತ್ತದೆ. 'ಔರಾದ 10' ಎಂದು ಓದಿದ ಕೂಡಲೇ ಊರು ಇನ್ನೆಷ್ಟು ದೂರ ಎಂಬುದು ಗೊತ್ತಾಗುತ್ತದೆ.

ಗೋಪುರಕ್ಕೂ ಕಲ್ಲಿಗೂ ಒಂದು ಸಮಾನ ಗುಣವಿದೆ. ಎರಡೂ ಇದ್ದಲ್ಲೇ ಇರುತ್ತವೆ. ಅವು ಇರುವ ಜಾಗ ಯಾವುದು ಎಂಬುದು ಮೊದಲೇ ಗೊತ್ತಿರುತ್ತದೆ. ಹೀಗೆ ಜಾಗ ಗೊತ್ತಿರುವ ಗುರುತಿನ ನೆರವಿನಿಂದ ನಮ್ಮ ಜಾಗವನ್ನು ಕಂಡುಕೊಳ್ಳುವುದಕ್ಕೆ ಸ್ಥಾನ ನಿರ್ಣಯ ಎನ್ನುತ್ತಾರೆ.

ಕಣ್ಣಿಗೆ ಕಾಣದ ಗುರುತುಗಳೂ ಇವೆ. ಅವು ರೇಡಿಯೋ ಅಲೆಗಳ ಮೂಲಕ ತಮ್ಮ ಹೆಸರು ಹೇಳುತ್ತವೆ. ಅಂಥ ಕೆಲವು ಗುರುತುಗಳು ಬೀದರ ಮತ್ತು ಭಾಲ್ಕಿಯ ಮೂಲಕ ಹಾದುಹೋಗುವ ರೈಲು ಹಳಿಗಳ ನಡುವೆಯೇ ಇವೆ! ಅವು ಏಕೆ ಬೇಕು, ಹೇಗೆ ಕೆಲಸ ಮಾಡುತ್ತವೆ ಎಂದು ತಿಳಿಯೋಣ.

ಮೇಲಿನಿಂದ ಬರುವ ಸಂಕೇತ

ಮನೆಯಲ್ಲಿ ಯಾರಾದರೂ ಮೊಬೈಲಿನಲ್ಲಿ ನಕಾಶೆ ತೆರೆದಾಗ ಅದರಲ್ಲಿ ಒಂದು ನೀಲಿ ಚುಕ್ಕೆ ಕಾಣುವುದನ್ನು ನೀವು ನೋಡಿರಬಹುದು. 'ನೀವು ಇಲ್ಲಿದ್ದೀರಿ' ಎಂದು ಆ ಚುಕ್ಕೆ ಹೇಳುತ್ತದೆ. ಮೊಬೈಲಿಗೆ ಇದು ತಿಳಿಯುವುದು ಮುಖ್ಯವಾಗಿ ಉಪಗ್ರಹಗಳಿಂದ. ಜಿಪಿಎಸ್ ಎಂಬ ವ್ಯವಸ್ಥೆಯ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ನಮ್ಮ ದೇಶವೂ 'ನಾವಿಕ್' ಎಂಬ ವ್ಯವಸ್ಥೆಯನ್ನು ರೂಪಿಸಿದೆ. ಅದರ ಮೊದಲ ಉಪಗ್ರಹವನ್ನು ಇಸ್ರೋ ಸಂಸ್ಥೆ 2013ರ ಜುಲೈ 1ರಂದು ಹಾರಿಸಿತು. ಅದಕ್ಕೆ ಸಂಬಂಧಿಸಿದ ಕೇಂದ್ರವೊಂದು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ.

ಉಪಗ್ರಹದಿಂದ ದೂರ ಅಳೆಯುವುದು ಹೇಗೆ? ಮಳೆಗಾಲದ ಮಿಂಚನ್ನು ನೆನೆಸಿಕೊಳ್ಳಿ. ಮಿಂಚು ಕಂಡ 3 ಸೆಕೆಂಡಿನ ನಂತರ ಗುಡುಗು ಕೇಳಿದರೆ, ಮಿಂಚಿದ್ದು ಸುಮಾರು 1 ಕಿಲೋಮೀಟರ್ ದೂರದಲ್ಲಿ ಎಂದು ಹೇಳಬಹುದು. ಏಕೆಂದರೆ ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಉಪಗ್ರಹದ ಲೆಕ್ಕವೂ ಇದೇ. ಆದರೆ ಅಲ್ಲಿ ಸಾಗುವುದು ರೇಡಿಯೋ ಅಲೆ. ಅದರ ವೇಗ ಬೆಳಕಿನದೇ ವೇಗ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಸಂಕೇತ ಹೊರಟ ಸಮಯ ಮತ್ತು ತಲುಪಿದ ಸಮಯ ಗೊತ್ತಿದ್ದರೆ ದೂರ ಸಿಗುತ್ತದೆ. ನಾಲ್ಕು ಉಪಗ್ರಹಗಳಿಂದ ಸಂಕೇತ ಬಂದರೆ ಮೊಬೈಲ್ ತನ್ನ ಸ್ಥಾನವನ್ನು ಲೆಕ್ಕ ಹಾಕಿಕೊಳ್ಳುತ್ತದೆ.

ಹಾಗಾದರೆ ತೊಂದರೆ ಏನು? ಅಷ್ಟು ದೂರದಿಂದ ಬರುವ ಸಂಕೇತ ನಮ್ಮನ್ನು ತಲುಪುವಾಗ ಬಹಳ ಕ್ಷೀಣವಾಗಿರುತ್ತದೆ. ಬಯಲಿನಲ್ಲಿ ನಿಂತರೆ ಮೊಬೈಲ್ ಅದನ್ನು ಹಿಡಿಯಬಲ್ಲದು. ಕಾಂಕ್ರೀಟ್ ಚಾವಣಿ, ದಪ್ಪ ಗೋಡೆ, ನೆಲದ ಮಣ್ಣು ಅಡ್ಡ ಬಂದರೆ ಸಂಕೇತ ಅಲ್ಲಿಯೇ ಅಡಗುತ್ತದೆ. ಒಳಗೆ ನುಸುಳಿದ ಅಲ್ಪಸ್ವಲ್ಪವೂ ಗೋಡೆಯಿಂದ ಗೋಡೆಗೆ ಬಡಿದು ಸುತ್ತಿಕೊಂಡು ಬರುತ್ತದೆ. ಸುತ್ತಿಕೊಂಡು ಬಂದರೆ ತಡವಾಗುತ್ತದೆ, ತಡವಾದರೆ ದೂರದ ಲೆಕ್ಕ ತಪ್ಪುತ್ತದೆ. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ಸಾಕು, ದೂರದಲ್ಲಿ 300 ಮೀಟರ್ ವ್ಯತ್ಯಾಸ ಬರುತ್ತದೆ!

ಸುರಂಗದ ಬಾವಿಗಳು ಕಲಿಸುವ ಪಾಠ

ಬೀದರಿನ ನೌಬಾದಿನಲ್ಲಿ 'ಕರೇಜ್' ಇದೆ. ಸುರಂಗ ಬಾವಿ ಎಂದೂ ಅದನ್ನು ಕರೆಯುತ್ತಾರೆ. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಭೂಮಿಯ ಒಳಗೆ ಕಾಲುವೆ ಕೊರೆದು ನೀರು ಹರಿಸಿದ ವ್ಯವಸ್ಥೆ ಅದು. ಕಾಲುವೆಯ ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ನೇರವಾಗಿ ಇಳಿಯುವ ಬಾವಿಗಳಿವೆ. ಅವುಗಳ ಮೂಲಕ ಗಾಳಿ ಬೆಳಕು ಒಳಗೆ ಬರುತ್ತವೆ.

ಆ ಸುರಂಗದಲ್ಲಿ ಒಬ್ಬ ಕೆಲಸಗಾರ ನಡೆಯುತ್ತಿದ್ದಾನೆ ಎಂದುಕೊಳ್ಳಿ. ಸುತ್ತ ಕತ್ತಲೆ. ಎರಡೂ ಕಡೆ ಒಂದೇ ತರಹದ ಗೋಡೆ. ಮುಂದೆ ಒಂದು ಬಾವಿಯ ಬೆಳಕು ಬಿತ್ತು. 'ಇದು ಐದನೆಯ ಬಾವಿ' ಎಂದು ಅವನಿಗೆ ಗೊತ್ತಿದ್ದರೆ, ತಾನು ಊರಿನ ಯಾವ ಜಾಗದ ಕೆಳಗೆ ಇದ್ದೇನೆ ಎಂಬುದೂ ಗೊತ್ತಾಗುತ್ತದೆ. ಎರಡು ಬಾವಿಗಳ ನಡುವೆ ಹೆಜ್ಜೆ ಎಣಿಸಿಕೊಂಡರಾಯಿತು. ದೂರದ ಆಕಾಶದ ಗುರುತು ಕಾಣದ ಕಡೆ ಹತ್ತಿರದಲ್ಲೇ ಸಣ್ಣ ಸಣ್ಣ ಗುರುತುಗಳನ್ನು ಇಟ್ಟುಕೊಳ್ಳಬೇಕು. ಇಂದಿನ ರೇಡಿಯೋ ಗುರುತುಗಳ ಹಿಂದಿರುವ ಯೋಚನೆಯೂ ಇದೇ.

ಬೀಕನ್ ಎಂದರೇನು?

ಹಿಂದಿನ ಕಾಲದಲ್ಲಿ ಹಡಗಿನವರಿಗೆ ದಡ ತಿಳಿಯಲೆಂದು ಎತ್ತರದ ಜಾಗದಲ್ಲಿ ಬೆಂಕಿ ಉರಿಸುತ್ತಿದ್ದರು. ಇಂಥ ಗುರುತಿನ ದೀಪಕ್ಕೆ ಇಂಗ್ಲಿಷಿನಲ್ಲಿ ಬೀಕನ್ ಎಂದು ಹೆಸರು. ಈಗ ಇದೇ ಹೆಸರಿನ ಪುಟ್ಟ ರೇಡಿಯೋ ಪೆಟ್ಟಿಗೆಗಳು ಬಂದಿವೆ. ಅಂಗೈಯಲ್ಲಿ ಹಿಡಿಯುವಷ್ಟೇ ಗಾತ್ರ. ಒಳಗೆ ಒಂದು ಸಣ್ಣ ಬ್ಯಾಟರಿ. ಅದು ಮಾಡುವ ಕೆಲಸ ಒಂದೇ. ಸ್ವಲ್ಪ ಸ್ವಲ್ಪ ಹೊತ್ತಿಗೆ 'ನಾನು 7ನೇ ನಂಬರ್, ನಾನು 7ನೇ ನಂಬರ್' ಎಂದು ರೇಡಿಯೋ ಅಲೆಯಲ್ಲಿ ಕೂಗುತ್ತಿರುವುದು.

ಇಂಥ ಬೀಕನ್‌ಗಳು ಹೆಚ್ಚಾಗಿ ಬಳಸುವುದು ಬ್ಲೂಟೂತ್ ತಂತ್ರವನ್ನು. ಹತ್ತನೇ ಶತಮಾನದ ಡೆನ್ಮಾರ್ಕಿನ ರಾಜ ಹೆರಾಲ್ಡ್ ಬ್ಲೂಟೂತನ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. 2010ರಲ್ಲಿ ಬಹಳ ಕಡಿಮೆ ವಿದ್ಯುತ್ ಬಳಸುವ ಬ್ಲೂಟೂತ್ ಬಂತು. ಇದರಿಂದ ಸಣ್ಣ ಬ್ಯಾಟರಿಯಲ್ಲಿ ಬೀಕನ್ ತಿಂಗಳುಗಟ್ಟಲೆ ನಡೆಯುವುದು ಸಾಧ್ಯವಾಯಿತು. 2013ರಲ್ಲಿ ಆಪಲ್ ಕಂಪನಿ ತನ್ನ ಫೋನುಗಳಿಗೆ 'ಐಬೀಕನ್' ಎಂಬ ಪದ್ಧತಿಯನ್ನು ತಂದಿತು.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ನೆನಪಿಡಿ. ತಾನು ಯಾವ ಕಟ್ಟಡದಲ್ಲಿದ್ದೇನೆ, ಯಾವ ಬಾಗಿಲ ಬಳಿ ಇದ್ದೇನೆ ಎಂಬುದು ಬೀಕನ್‌ಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ನಂಬರ್ ಮಾತ್ರ. '7ನೇ ನಂಬರ್ ಎಂದರೆ ಔಷಧಿ ಕೊಡುವ ಕಿಟಕಿ, 8ನೇ ನಂಬರ್ ಎಂದರೆ ಕಣ್ಣಿನ ವಿಭಾಗ' ಎಂಬ ಪಟ್ಟಿ ಮೊಬೈಲಿನಲ್ಲಿರಬೇಕು. ಬೀಕನ್ ಹೆಸರು ಹೇಳುತ್ತದೆ, ಪಟ್ಟಿ ಜಾಗ ಹೇಳುತ್ತದೆ. ದೊಡ್ಡ ಆಸ್ಪತ್ರೆಯೊಂದರಲ್ಲಿ ಹೀಗೆ ಬೀಕನ್ ಇಟ್ಟರೆ, ಕಣ್ಣು ಕಾಣದವರಿಗೆ ಅವರ ಮೊಬೈಲ್ 'ಬಲಗಡೆ ಕಣ್ಣಿನ ವಿಭಾಗ' ಎಂದು ಮಾತಿನಲ್ಲಿ ತಿಳಿಸಬಹುದು. ಯಾರ ಕೈಯನ್ನೂ ಹಿಡಿಯದೆ ಅವರು ವೈದ್ಯರ ಬಳಿಗೆ ಹೋಗಬಹುದು.

ಎಷ್ಟು ಹತ್ತಿರ?

ಶಾಲೆಯ ಗಂಟೆ ಹತ್ತಿರದಲ್ಲಿ ಜೋರಾಗಿ ಕೇಳುತ್ತದೆ, ದೂರ ಹೋದಂತೆ ಮೆಲ್ಲಗೆ ಕೇಳುತ್ತದೆ. ಬೀಕನ್ ಸಂಕೇತವೂ ಹಾಗೆಯೇ. ಸಂಕೇತ ಎಷ್ಟು ಬಲವಾಗಿದೆ ಎಂದು ನೋಡಿ ಮೊಬೈಲ್ ದೂರವನ್ನು ಅಂದಾಜು ಮಾಡುತ್ತದೆ.

ಮಾಡಿ ನೋಡಿ – 1

ಬೇಕಾಗುವ ವಸ್ತುಗಳು: ಮೊಬೈಲಿನ ದೀಪ, ರಟ್ಟು, ಚೌಕುಳಿ ಹಾಳೆ, ಅಳತೆಪಟ್ಟಿ.

ರಟ್ಟಿನ ನಡುವೆ 1 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ಅಗಲದ ಚೌಕ ಕತ್ತರಿಸಿ. ರಟ್ಟನ್ನು ದೀಪದಿಂದ 10 ಸೆಂಟಿಮೀಟರ್ ದೂರದಲ್ಲಿ ನಿಲ್ಲಿಸಿ. ಕೋಣೆಯನ್ನು ಕತ್ತಲು ಮಾಡಿ. ಚೌಕುಳಿ ಹಾಳೆಯನ್ನು ಮೊದಲು ದೀಪದಿಂದ 20 ಸೆಂಟಿಮೀಟರ್, ನಂತರ 30 ಸೆಂಟಿಮೀಟರ್ ದೂರದಲ್ಲಿ ಹಿಡಿಯಿರಿ. ಬೆಳಕು ಬಿದ್ದ ಜಾಗವನ್ನು ಅಳೆಯಿರಿ.

20 ಸೆಂಟಿಮೀಟರ್ ದೂರದಲ್ಲಿ ಅದು ಸುಮಾರು 4 ಚದರ ಸೆಂಟಿಮೀಟರ್, 30ರಲ್ಲಿ ಸುಮಾರು 9 ಚದರ ಸೆಂಟಿಮೀಟರ್ ಇರುತ್ತದೆ. ಬೆಳಕು ಅಷ್ಟೇ. ಹರಡಿದ ಜಾಗ ಮಾತ್ರ ಹೆಚ್ಚು. ಆದ್ದರಿಂದ ದೂರ ಎರಡು ಪಟ್ಟಾದರೆ ಬಲ ನಾಲ್ಕನೇ ಒಂದು ಭಾಗವಾಗುತ್ತದೆ, ದೂರ ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗವಾಗುತ್ತದೆ. ತೆರೆದ ಜಾಗದಲ್ಲಿ ರೇಡಿಯೋ ಅಲೆಗಳಿಗೂ ಇದೇ ನಿಯಮ.

ಆದರೆ ಕೋಣೆಯ ಒಳಗೆ ಲೆಕ್ಕ ಇಷ್ಟು ಸುಲಭವಲ್ಲ. ಕಬ್ಬಿಣದ ಬೀರು ಅಲೆಯನ್ನು ತಿರುಗಿಸುತ್ತದೆ. ಗೋಡೆ ಅದನ್ನು ಕುಗ್ಗಿಸುತ್ತದೆ. ನಮ್ಮ ದೇಹದಲ್ಲಿ ಹೆಚ್ಚಿನ ಪಾಲು ನೀರೇ. ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಬೀಕನ್‌ಗೂ ಮೊಬೈಲಿಗೂ ನಡುವೆ ನಾಲ್ಕು ಜನ ನಿಂತರೆ, ಹತ್ತಿರದ ಬೀಕನ್ ಕೂಡ ದೂರದಲ್ಲಿ ಇರುವಂತೆ ತೋರುತ್ತದೆ. ಈ ಕಾರಣಕ್ಕೆ ಐಬೀಕನ್ ಪದ್ಧತಿಯಲ್ಲಿ ಮೀಟರ್ ಲೆಕ್ಕದ ಜೊತೆಗೆ 'ಅತಿ ಹತ್ತಿರ', 'ಹತ್ತಿರ', 'ದೂರ' ಎಂಬ ಮೂರು ಮಟ್ಟಗಳನ್ನೂ ಇಟ್ಟಿದ್ದಾರೆ. ಹಲವು ಬೀಕನ್‌ಗಳ ಸಂಕೇತವನ್ನು ಒಟ್ಟಿಗೆ ಕೇಳಿ ಹೋಲಿಸಿದರೆ ಅಂದಾಜು ಇನ್ನಷ್ಟು ಉತ್ತಮವಾಗುತ್ತದೆ.

ಎಣಿಕೆಯಲ್ಲಿ ಬೆಳೆಯುವ ತಪ್ಪು

ಗುರುತುಗಳು ಹತ್ತಿರ ಹತ್ತಿರ ಏಕೆ ಬೇಕು? ಒಂದೇ ಗುರುತಿನಿಂದ ಹೊರಟು ಹೆಜ್ಜೆ ಎಣಿಸುತ್ತಾ ಹೋದರೆ ಸಾಲದೇ? ಇದನ್ನೂ ಮಾಡಿಯೇ ನೋಡೋಣ.

ಮಾಡಿ ನೋಡಿ – 2

ಶಾಲೆಯ ಮೈದಾನದಲ್ಲಿ 50 ಮೀಟರ್ ಉದ್ದದ ಗೆರೆ ಎಳೆಯಿರಿ. ನಿಮ್ಮ ಒಂದು ಹೆಜ್ಜೆಯ ಉದ್ದವನ್ನು ಅಳೆದು ಬರೆದುಕೊಳ್ಳಿ. ಗೆಳೆಯನೊಬ್ಬ ನಿಮ್ಮ ಪಕ್ಕದಲ್ಲೇ ಬರಲಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೆಜ್ಜೆ ಎಣಿಸುತ್ತಾ ನಡೆಯಿರಿ. 50 ಮೀಟರ್ ಆಯಿತು ಎನಿಸಿದಾಗ ನಿಲ್ಲಿ. ನಿಜವಾದ ಗುರುತಿಗೂ ನೀವು ನಿಂತ ಜಾಗಕ್ಕೂ ಎಷ್ಟು ಅಂತರವಿದೆ?

ಈಗ ಗೆರೆಯ ಮೇಲೆ 10 ಮೀಟರಿಗೊಂದರಂತೆ ನೆಲದ ಮೇಲೆ ಹಗ್ಗ ಹಾಸಿ. ಪಾದಕ್ಕೆ ಹಗ್ಗ ತಾಗಿದಾಗಲೆಲ್ಲ '10 ಮೀಟರ್', '20 ಮೀಟರ್' ಎಂದು ಎಣಿಕೆ ಸರಿ ಮಾಡಿಕೊಳ್ಳಿ. ಮತ್ತೆ ನಡೆಯಿರಿ. ಈ ಸಲ ತಪ್ಪು ಎಷ್ಟು?

ಮೊದಲ ಸಲ ಪ್ರತಿ ಹೆಜ್ಜೆಯ ಚಿಕ್ಕ ತಪ್ಪು ಕೂಡುತ್ತಾ ಕೂಡುತ್ತಾ ದೊಡ್ಡದಾಯಿತು. ಎರಡನೇ ಸಲ ಹಗ್ಗ ತಾಗಿದಾಗಲೆಲ್ಲ ಹಿಂದಿನ ತಪ್ಪು ಅಳಿಸಿಹೋಯಿತು. ಗುರುತಿನ ಪ್ರಯೋಜನ ಇದೇ.

ಭಾಲ್ಕಿ ದಾರಿಯ ರೈಲು

ಈಗ ರೈಲಿಗೆ ಬರೋಣ. ರಾತ್ರಿ, ಮಳೆ, ಮಂಜು ಇದ್ದಾಗ ಕೆಂಪು ಸಿಗ್ನಲ್ ಚಾಲಕರ ಕಣ್ಣಿಗೆ ತಪ್ಪುವ ಅಪಾಯವಿದೆ. ಗಂಟೆಗೆ 100 ಕಿಲೋಮೀಟರ್ ವೇಗದ ರೈಲು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಹೋಗುತ್ತದೆ. ಬ್ರೇಕ್ ಹಾಕಿದ ಮೇಲೂ ನಿಲ್ಲಲು ನೂರಾರು ಮೀಟರ್ ಬೇಕು. ಒಂದೇ ಹಳಿಯ ಮೇಲೆ ಎರಡು ರೈಲು ಬಂದರೆ ಗತಿ ಏನು? ಇದನ್ನು ತಪ್ಪಿಸಲು ಭಾರತೀಯ ರೈಲ್ವೆ ರೂಪಿಸಿದ ವ್ಯವಸ್ಥೆಯ ಹೆಸರು 'ಕವಚ್'. ಚಾಲಕರು ಬ್ರೇಕ್ ಹಾಕದಿದ್ದರೆ ಅದು ತಾನಾಗಿಯೇ ಬ್ರೇಕ್ ಹಾಕುತ್ತದೆ.

ಈ ವ್ಯವಸ್ಥೆಯನ್ನು ಮೊದಮೊದಲು ಅಳವಡಿಸಿ ಪರೀಕ್ಷಿಸಿದ್ದು ದಕ್ಷಿಣ ಮಧ್ಯ ರೈಲ್ವೆಯ ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ ಮಾರ್ಗಗಳಲ್ಲಿ! ಪ್ರಯಾಣಿಕರ ರೈಲುಗಳ ಮೇಲೆ ಪ್ರಯೋಗ ಆರಂಭವಾದದ್ದು 2016ರ ಫೆಬ್ರವರಿಯಲ್ಲಿ. 2020ರಲ್ಲಿ ಇದನ್ನು ಇಡೀ ದೇಶದ ವ್ಯವಸ್ಥೆಯಾಗಿ ಸ್ವೀಕರಿಸಲಾಯಿತು. ಮುಂದೆ ಬೀದರ–ಪರಳಿ ವೈಜನಾಥ–ಪರಭಣಿ ಮಾರ್ಗಕ್ಕೂ ಅದು ಬಂತು. ಭಾಲ್ಕಿ ಮತ್ತು ಕಮಲನಗರ ನಿಲ್ದಾಣಗಳು ಇದೇ ಮಾರ್ಗದಲ್ಲಿವೆ. ಔರಾದ ಪಟ್ಟಣಕ್ಕೆ ರೈಲು ಇಲ್ಲ. ಆದರೆ ಅಲ್ಲಿಂದ ರೈಲು ಹಿಡಿಯಲು ಬರುವವರೂ ಈ ಹಳಿಗಳ ಮೇಲೆಯೇ ಪ್ರಯಾಣಿಸುತ್ತಾರೆ.

ರೈಲನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಬೇಕಾದರೆ ಅದು ಎಲ್ಲಿದೆ ಎಂದು ಮೊದಲು ತಿಳಿಯಬೇಕು. ಇದಕ್ಕೆ ಉಪಗ್ರಹ ಸಾಲದೇ? ಅಕ್ಕಪಕ್ಕದ ಎರಡು ಹಳಿಗಳ ನಡುವಿನ ಅಂತರ ಸುಮಾರು 5 ಮೀಟರ್. ಉಪಗ್ರಹದ ಲೆಕ್ಕದಲ್ಲಿ ಕೆಲವು ಮೀಟರ್ ತಪ್ಪು ಸಹಜ. ಹಾಗಾದರೆ ರೈಲು ಈ ಹಳಿಯ ಮೇಲಿದೆಯೋ ಆ ಹಳಿಯ ಮೇಲಿದೆಯೋ ಎಂದು ಖಚಿತವಾಗಿ ಹೇಳುವುದು ಹೇಗೆ? ರೈಲಿನಲ್ಲಿ ಈ ಒಂದು ತಪ್ಪಿಗೆ ಜೀವಗಳ ಬೆಲೆ ತೆರಬೇಕಾಗುತ್ತದೆ.

ಆದ್ದರಿಂದ ಗುರುತನ್ನು ಹಳಿಯ ನಡುವೆಯೇ ಇಟ್ಟಿದ್ದಾರೆ. ಸ್ಲೀಪರ್‌ಗಳ ಮೇಲೆ ಕೂರಿಸಿದ ಪುಟ್ಟ ರೇಡಿಯೋ ಬಿಲ್ಲೆಗಳು ಅವು. ಆರ್‌ಎಫ್‌ಐಡಿ ಟ್ಯಾಗ್ ಎಂದು ಅವುಗಳ ಹೆಸರು. ಸುಮಾರು ಒಂದು ಕಿಲೋಮೀಟರಿಗೊಮ್ಮೆ ಮತ್ತು ಸಿಗ್ನಲ್‌ಗಳ ಬಳಿ ಇವನ್ನು ಇಡುತ್ತಾರೆ. ಬೀಕನ್‌ಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಬಿಲ್ಲೆಯಲ್ಲಿ ಬ್ಯಾಟರಿ ಇಲ್ಲ. ಅದು ಸದಾ ಮೌನವಾಗಿರುತ್ತದೆ. ಎಂಜಿನ್ನಿನ ಅಡಿಯಲ್ಲಿರುವ ಯಂತ್ರ ರೇಡಿಯೋ ಅಲೆಗಳನ್ನು ಕೆಳಗೆ ಕಳಿಸುತ್ತದೆ. ಎಂಜಿನ್ ತನ್ನ ಮೇಲೆ ಬಂದಾಗ ಬಿಲ್ಲೆ ಆ ಅಲೆಯಿಂದಲೇ ಶಕ್ತಿ ಪಡೆದು 'ನಾನು ಇಂಥ ಬಿಲ್ಲೆ, ಇದು ಇಂಥ ಕಿಲೋಮೀಟರ್' ಎಂದು ಉತ್ತರ ಕೊಡುತ್ತದೆ. ರೈಲು ಓದುವ ಕಿಲೋಮೀಟರ್ ಕಲ್ಲು ಎಂದು ಇದನ್ನು ಕರೆಯಬಹುದಲ್ಲವೇ?

ಎರಡು ಬಿಲ್ಲೆಗಳ ನಡುವೆ ರೈಲು ಏನು ಮಾಡುತ್ತದೆ? ನೀವು ಹೆಜ್ಜೆ ಎಣಿಸಿದಂತೆ ಅದು ಚಕ್ರದ ಸುತ್ತುಗಳನ್ನು ಎಣಿಸುತ್ತದೆ. ಲೆಕ್ಕ ಸುಲಭವಾಗಲೆಂದು ಚಕ್ರದ ವ್ಯಾಸ 1 ಮೀಟರ್ ಎಂದಿಟ್ಟುಕೊಳ್ಳೋಣ. ಸುತ್ತಳತೆ 3.14 ಮೀಟರ್. 100 ಸುತ್ತಿಗೆ 314 ಮೀಟರ್. ಓಡಿ ಓಡಿ ಚಕ್ರ ಸವೆದು ವ್ಯಾಸ 99 ಸೆಂಟಿಮೀಟರ್ ಆಯಿತು ಎನ್ನಿ. ಈಗ 100 ಸುತ್ತಿಗೆ ರೈಲು ಸಾಗುವುದು ಸುಮಾರು 311 ಮೀಟರ್ ಮಾತ್ರ. ಹಳೆಯ ಅಳತೆಯಲ್ಲೇ ಎಣಿಸಿದರೆ ಪ್ರತಿ ಕಿಲೋಮೀಟರಿಗೆ ಸುಮಾರು 10 ಮೀಟರ್ ತಪ್ಪು. ಗುರುತೇ ಇಲ್ಲದೆ 100 ಕಿಲೋಮೀಟರ್ ಹೋದರೆ ತಪ್ಪು ಸುಮಾರು 1 ಕಿಲೋಮೀಟರ್! ಆದರೆ ಕಿಲೋಮೀಟರಿಗೊಂದು ಬಿಲ್ಲೆ ಇದ್ದರೆ ತಪ್ಪು 10 ಮೀಟರ್ ಆಗುವಷ್ಟರಲ್ಲಿ ಮುಂದಿನ ಬಿಲ್ಲೆ ಬಂದು ಅದನ್ನು ಅಳಿಸುತ್ತದೆ.

ಹೀಗೆ ತಿಳಿದುಕೊಂಡ ಸ್ಥಾನವನ್ನು ಎಂಜಿನ್ ರೇಡಿಯೋ ಮೂಲಕ ನಿಲ್ದಾಣದ ಯಂತ್ರಕ್ಕೆ ಹೇಳುತ್ತದೆ. ಎಲ್ಲಿಯವರೆಗೆ ಹೋಗಬಹುದು ಎಂದು ನಿಲ್ದಾಣ ತಿಳಿಸುತ್ತದೆ. 2022ರ ಮಾರ್ಚ್ 4ರಂದು ತೆಲಂಗಾಣದ ಗುಲ್ಲಗುಡ ಮತ್ತು ಚಿಟಿಗಿಡ್ಡ ನಿಲ್ದಾಣಗಳ ನಡುವೆ ಇದರ ಪ್ರಾತ್ಯಕ್ಷಿಕೆ ನಡೆಯಿತು. ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಅವರೇ ಎಂಜಿನ್ನಿನಲ್ಲಿದ್ದರು. ಅದೇ ಹಳಿಯ ಮೇಲಿದ್ದ ಇನ್ನೊಂದು ಎಂಜಿನ್ 380 ಮೀಟರ್ ದೂರವಿರುವಾಗಲೇ ಅವರ ಎಂಜಿನ್ ತಾನಾಗಿ ನಿಂತಿತು.

ಎಚ್ಚರಿಕೆ: ಬಿಲ್ಲೆ ನೋಡಬೇಕೆಂದು ಯಾರೂ ಹಳಿಯ ಮೇಲೆ ಇಳಿಯಬಾರದು. ಅದು ಪ್ರಾಣಕ್ಕೆ ಅಪಾಯ. ಹಿರಿಯರ ಜೊತೆ ನಿಲ್ದಾಣಕ್ಕೆ ಹೋದಾಗ ಪ್ಲಾಟ್‌ಫಾರ್ಮಿನಿಂದಲೇ ನೋಡಿ.

ಗುರುತು ಕದಲಿದರೆ?

ಆಸ್ಪತ್ರೆಯಲ್ಲಿ ಗೋಡೆಗೆ ಬಣ್ಣ ಬಳಿಯುವಾಗ 7ನೇ ಬೀಕನ್ ಅನ್ನು ತೆಗೆದು, ಆಮೇಲೆ ಬೇರೆ ಬಾಗಿಲಿಗೆ ಹಾಕಿದರು ಎಂದುಕೊಳ್ಳಿ. ಬೀಕನ್ ಸುಳ್ಳು ಹೇಳುವುದಿಲ್ಲ. ಅದು 'ನಾನು 7' ಎಂದೇ ಹೇಳುತ್ತದೆ. ಆದರೂ ಕಣ್ಣು ಕಾಣದವರು ತಪ್ಪು ಬಾಗಿಲಿಗೆ ಹೋಗುತ್ತಾರೆ. ಯಂತ್ರ ಸರಿಯಾಗಿದೆ, ಪಟ್ಟಿ ತಪ್ಪಾಗಿದೆ. ಆದ್ದರಿಂದ ಗುರುತುಗಳನ್ನು ಇಟ್ಟರೆ ಸಾಲದು. ಅವು ಹೇಳಿದ ಜಾಗದಲ್ಲೇ ಇವೆಯೇ, ಬ್ಯಾಟರಿ ಮುಗಿದಿದೆಯೇ ಎಂದು ಆಗಾಗ ನೋಡುವ ಜನ ಬೇಕು.

ಗುರುತೂ ನಮ್ಮೊಡನೆ ನಡೆಯುತ್ತಿದ್ದರೆ ಏನಾಗುತ್ತದೆ? ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ನಮ್ಮ ಸರ್ಕಾರ 'ಆರೋಗ್ಯ ಸೇತು' ಎಂಬ ಆ್ಯಪ್ ತಂದಿತ್ತು. ಅದರಲ್ಲಿ ಒಂದು ಮೊಬೈಲಿನ ಬ್ಲೂಟೂತ್ ಸಂಕೇತವನ್ನು ಇನ್ನೊಂದು ಮೊಬೈಲ್ ಕೇಳುತ್ತಿತ್ತು. ಎರಡೂ ನಡೆದಾಡುವ ಮೊಬೈಲುಗಳೇ. ಹಾಗಾಗಿ ಬ್ಲೂಟೂತಿನಿಂದ ತಿಳಿಯುತ್ತಿದ್ದುದು 'ಇವರಿಬ್ಬರು ಹತ್ತಿರ ಇದ್ದರು' ಎಂಬುದು ಮಾತ್ರ. ಎಲ್ಲಿ ಇದ್ದರು ಎಂಬುದಕ್ಕೆ ಅದರಲ್ಲಿ ಬೇರೆಯಾಗಿ ಜಿಪಿಎಸ್ ಬೇಕಾಗಿತ್ತು. ಸ್ಥಾನ ತಿಳಿಯಲು ಕದಲದ ಗುರುತು ಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನೊಂದು ವಿಷಯ. ಬೀಕನ್ ಮಾತನಾಡುತ್ತದೆ, ಕೇಳುವುದು ಮೊಬೈಲ್. ನೀವು ಯಾರು ಎಂಬುದು ಬೀಕನ್‌ಗೆ ತಿಳಿಯದು. ಆದರೆ ಮೊಬೈಲಿನ ಆ್ಯಪ್ ತಾನು ಕೇಳಿದ್ದನ್ನು ಬೇರೆಯವರಿಗೆ ಕಳಿಸಬಹುದು. ಯಾವುದಾದರೂ ಆ್ಯಪ್ 'ನಿಮ್ಮ ಸ್ಥಾನ ನೋಡಲು ಒಪ್ಪಿಗೆಯೇ?' ಎಂದು ಕೇಳಿದರೆ, ಅದಕ್ಕೆ ಅದು ಏಕೆ ಬೇಕು ಎಂದು ಹಿರಿಯರೊಡನೆ ವಿಚಾರಿಸಿಯೇ ಉತ್ತರಿಸಿ.

ಯೋಚಿಸಿ ಉತ್ತರಿಸಿ

1. ಮೋಡ ಕವಿದ ದಿನ ಬಯಲಿನಲ್ಲಿ ಜಿಪಿಎಸ್ ಕೆಲಸ ಮಾಡುತ್ತದೆ. ಸುರಂಗದಲ್ಲಿ ಮಾಡುವುದಿಲ್ಲ. ಏಕೆ?

2. ಬೀಕನ್ ಮತ್ತು ಹಳಿಯ ನಡುವಿನ ಬಿಲ್ಲೆ, ಇವುಗಳ ನಡುವೆ ಇರುವ ಒಂದು ಹೋಲಿಕೆ, ಒಂದು ವ್ಯತ್ಯಾಸ ಬರೆಯಿರಿ.

3. ಸವೆದ ಚಕ್ರದ ರೈಲು ತಾನು ನಿಜವಾದ ಜಾಗಕ್ಕಿಂತ ಮುಂದೆ ಇದ್ದೇನೆ ಎಂದುಕೊಳ್ಳುತ್ತದೆಯೋ ಹಿಂದೆ ಇದ್ದೇನೆ ಎಂದುಕೊಳ್ಳುತ್ತದೆಯೋ?

4. ಬಿಲ್ಲೆಗಳನ್ನು 5 ಕಿಲೋಮೀಟರಿಗೊಂದರಂತೆ ಇಟ್ಟರೆ, ಮೇಲಿನ ಲೆಕ್ಕದ ಸವೆದ ಚಕ್ರದಲ್ಲಿ ತಪ್ಪು ಎಷ್ಟರವರೆಗೆ ಬೆಳೆಯುತ್ತದೆ?

5. ನಿಮ್ಮ ಶಾಲೆಯ ನಕಾಶೆ ಬರೆಯಿರಿ. ನಿಮಗೆ ಆರು ಬೀಕನ್ ಕೊಟ್ಟಿದ್ದಾರೆ. ಕಣ್ಣು ಕಾಣದ ಗೆಳೆಯ ಗೇಟಿನಿಂದ ತನ್ನ ತರಗತಿ, ಬಿಸಿಯೂಟದ ಜಾಗ, ಕುಡಿಯುವ ನೀರಿನ ನಲ್ಲಿ ಮತ್ತು ಶೌಚಾಲಯಕ್ಕೆ ಹೋಗಬೇಕು. ಯಾವ ಬೀಕನ್ ಎಲ್ಲಿಡುತ್ತೀರಿ? ಪಟ್ಟಿಯಲ್ಲಿ ಏನೆಂದು ಬರೆಯುತ್ತೀರಿ? ಪ್ರತಿ ತಿಂಗಳು ಅವನ್ನು ನೋಡಿಕೊಳ್ಳುವವರು ಯಾರು? ಗುಂಪಿನಲ್ಲಿ ಚರ್ಚಿಸಿ, ನಕಾಶೆಯನ್ನು ತರಗತಿಯ ಗೋಡೆಗೆ ಹಚ್ಚಿ.